ತುಳಿದೇ ಹತ್ತಬೇಕಂತೆ!

ಲೇಹ್‌ನಿಂದ ಖರ್ದುಂಗ್ ಲಾ ಪಾಸ್‌ಗೆ ಸುಮಾರು 40 ಕಿ.ಮೀ. ಜಾಣರಾದವರು ಸೈಕಲ್ಲನ್ನು ಜೀಪಿನ ನೆತ್ತಿಗೇರಿಸಿ ಮೇಲೆ ಹೋಗಿ, ಇಳಿಯುವಾಗ ಮಾತ್ರ ಸೈಕಲ್ ಹತ್ತುತ್ತಾರೆ. ನಮ್ಮ ಪಟಾಲಮ್ಮಿಗೆ ತುಳಿದೇ ಹತ್ತುವ ಹಟ. ದಾರಿಯಲ್ಲಿನ ಸೌತ್ ಪುಲ್ಲು ಚೆಕ್‌ಪೋಸ್ಟ್ ದಾಟುವಷ್ಟರಲ್ಲಿ ಹಟಕ್ಕೂ ಏದುಸಿರು. ತುದಿಯ ಹತ್ತಿರ ಪ್ರತಿ ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟದ ಅರ್ಧದಷ್ಟೇ. ಬೆಂಗಳೂರಿನಲ್ಲಿ ಬಾಯಿ ಮುಚ್ಚದ ಗೆಳೆಯ ಇಲ್ಲೂ ಮುಚ್ಚಿರಲಿಲ್ಲ, ಮಾತು ಮಾತ್ರ ನಾಪತ್ತೆ. ಗೇರು ತೀರಾ ಹಗುರಕ್ಕೆ ಬಂದರೂ ಚಕ್ರಕ್ಕೆ ನಮ್ಮ ಮೇಲೆ ದಯೆಯಿಲ್ಲ. ಹಿಂದಿನಿಂದ ಬಂದ ಮಿಲಿಟರಿ ಲಾರಿಯ ಕರಿಹೊಗೆಯೇ ತೀರ್ಥಪ್ರಸಾದ.

ಅಂತೂ ತುದಿ ಮುಟ್ಟಿದೆವು. ಅಲ್ಲಿನ ಹಳೆಯ ಫಲಕ ಪಾಸ್‌ನ ಎತ್ತರ 18,380 ಅಡಿ ಎಂದು ವರ್ಷಗಟ್ಟಲೆ ಸಾರಿತ್ತು. ಜಿಪಿಎಸ್ ಲೆಕ್ಕ 17,582. ಇದನ್ನು ಒಬ್ಬ ತುದಿಯಲ್ಲೇ ಬಾಯಿಬಿಟ್ಟ. ಎಲ್ಲರೂ ದುರುಗುಟ್ಟಿದರು. ‘ಸುಮ್ನಿರೋ ಮಾರಾಯ, ನನ್ನ ಮೊಣಕಾಲು ಕೇಳು, ಇಪ್ಪತ್ತು ಸಾವಿರ ಅನ್ನುತ್ತೆ!’