ನಾಲ್ಕನೇ ದಾರಿ

ಸಿಇಟಿ ರ‍್ಯಾಂಕ್ ಬಂದ ದಿನದಿಂದ ಮಳವಳ್ಳಿಯ ನಮ್ಮಕ್ಕನ ಮನೆ ಜಗಲಿ ಅರಳಿಕಟ್ಟೆಯಾಗಿದೆ. ಅಕ್ಕನ ಮಗಳು ಆಪ್ಷನ್ ಎಂಟ್ರಿ ಮಾಡಬೇಕು. ಸಲಹೆ ಕೊಡಲು ಎಸ್ಸೆಸ್ಸೆಲ್ಸಿಯಲ್ಲಿ ಎರಡು ಸಲ ಡುಮ್ಕಿ ಹೊಡೆದವರೂ ಸಾಲಾಗಿ ಕೂತಿದ್ದಾರೆ.

“ಮಂಡ್ಯದ ಪಿಇಎಸ್‌ಗೇ ಹಾಕವ್ವ, 1962ರಿಂದ ಐತೆ. ಬೆಳಿಗ್ಗೆ ಮುದ್ದೆ ಉಂಡು ಹೋದ್ರೆ ರಾತ್ರಿ ಮುದ್ದೆಗೆ ಬರ್ಬೋದು” ಅಂದರು ದೊಡ್ಡಪ್ಪ. ಅವರ ಲೆಕ್ಕದಲ್ಲಿ ಕಾಲೇಜಿನ ಗುಣಮಟ್ಟವೆಂದರೆ ಮುದ್ದೆಗೂ ಅದಕ್ಕೂ ಇರುವ ದೂರ. ಮದ್ದೂರಿನ ಚಿಕ್ಕಪ್ಪನದು ಬೆಂಗಳೂರಿನ ಪಟ್ಟು: “ನಮ್ಮೂರಲ್ಲಿ ರೈಲು ಹತ್ತಿ ಎರಡು ವಡೆ ತಿಂದ್ರೆ ಬೆಂಗ್ಳೂರು ಬಂದೇಬುಡ್ತದೆ.” ನಾನು ವಿ.ಸಿ. ಫಾರಂನ ಕೃಷಿ ಕಾಲೇಜಿನ ಹೆಸರೆತ್ತಿದೆ. ಭಾವ ಸಿಡಿದರು: “ಕಬ್ಬಿನ ಗದ್ದೆ ತಪ್ಸೋಕೆ ಓದ್ಸಿದ್ದು, ಮತ್ತೆ ಗದ್ದೆಗೇ ಕಳಿಸ್ತೀಯೇನಯ್ಯ?”

ಹುಡುಗಿ ಮಾತಾಡಲಿಲ್ಲ. ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಫೀಸು, ಲ್ಯಾಬು, ಹಾಸ್ಟೆಲ್ಲು, ಬಸ್ಸು ಅಂತ ಮನೆ ಮಾಡಿಕೊಂಡಿದ್ದಳು. “ಸಿಗೋದನ್ನಲ್ಲ ಮಾವ, ಬೇಕಾದ್ದನ್ನ ಮೊದಲು ಬರೀಬೇಕು. ಪಟ್ಟೀನ ಮೇಲಿಂದ ಕೆಳಕ್ಕೇ ನೋಡ್ತಾರೆ” ಎಂದು ನನಗೇ ಪಾಠ ಹೇಳಿದಳು.

“ಸೀಟು ಸಿಕ್ಕಿದ್ಮೇಲೆ?” ಅಜ್ಜಿ ಎಲೆಗೆ ಸುಣ್ಣ ಸವರುತ್ತ ಕೇಳಿತು.

“ನಾಲ್ಕು ದಾರಿ ಅಜ್ಜಿ. ಒಂದು, ಒಪ್ಪಿಗೆ, ಸೇರ್ತೀನಿ. ಎರಡು, ಒಪ್ಪಿಗೆ, ಆದ್ರೆ ಇನ್ನೂ ಒಳ್ಳೇದು ಸಿಕ್ತದಾ ನೋಡ್ತೀನಿ. ಮೂರು, ಇದು ಬ್ಯಾಡ, ಮುಂದಿನ ಸುತ್ತಿಗೆ ಬರ್ತೀನಿ. ನಾಲ್ಕು, ಸಹವಾಸವೇ ಬ್ಯಾಡ.”

“ನಿಮ್ಮಪ್ಪ ಹೆಣ್ಣು ನೋಡಕ್ಕೆ ಬಂದಾಗ ಎರಡನೇದನ್ನೇ ಹೇಳಿ ಹೋಗಿದ್ರು ಕಣವ್ವ. ಎಲ್ಲೂ ಸಿಗ್ನಿಲ್ಲ, ಆರು ತಿಂಗ್ಳಿಗೆ ವಾಪಸ್ ಬಂದ್ರು.”

ಭಾವ ಟವೆಲ್ ಕೊಡವಿ ಎದ್ದು ಕೊಟ್ಟಿಗೆಯ ಕಡೆ ನಡೆದರು. ನಾಲ್ಕನೇ ದಾರಿ.