ಪಕ್ಕದಲ್ಲಿ ಕೂತವನು ವೈರಿಯಲ್ಲ: ವಿಜಯಪುರದ ತರಬೇತಿ ಕೇಂದ್ರಗಳಿಗೊಂದು ಬಹಿರಂಗ ಪತ್ರ



ವಿಜಯಪುರ ಶಹರದಲ್ಲಿ, ತಿಕೋಟಾ-ಬಬಲೇಶ್ವರಗಳಲ್ಲಿ ನವೋದಯ, ಸೈನಿಕ ಶಾಲೆ, ಕಿತ್ತೂರು, ಮೊರಾರ್ಜಿ ಶಾಲೆಗಳ ಪ್ರವೇಶ ಪರೀಕ್ಷೆಗೆ ಮಕ್ಕಳನ್ನು ತಯಾರು ಮಾಡುತ್ತಿರುವ ಸಂಚಾಲಕರೆ, ಗುರುಗಳೆ, ಮಕ್ಕಳನ್ನು ಅಲ್ಲಿಗೆ ತಂದು ಬಿಡುವ ತಾಯಿ-ತಂದೆಯರೆ, ಈ ಪತ್ರ ನಿಮಗೆ. ಈ ಭಾಗದ ಕನ್ನಡ ಮಾಧ್ಯಮದ ಮಕ್ಕಳಿಗೆ ಇಂಗ್ಲಿಷ್ ಕಲಿಸುತ್ತ ಬಂದವನು ನಾನು. ನಿಮ್ಮ ಕೆಲಸವನ್ನು ಹಗುರ ಮಾಡಿ ಆಡಲು ಕೂತಿಲ್ಲ. ಒಣಬೇಸಾಯದ ಮನೆಯ ಹುಡುಗ 1963ರಲ್ಲಿ ಶುರುವಾದ ನಮ್ಮ ಸೈನಿಕ ಶಾಲೆಯ ಗೇಟು ದಾಟಿ ಒಳಗೆ ಹೋಗುವುದು, ಕೂಲಿ ಮಾಡುವ ತಾಯಿಯ ಮಗಳು ಆಲಮಟ್ಟಿಯ ನವೋದಯದಲ್ಲಿ ಆರನೆಯ ಇಯತ್ತೆಗೆ ಕೂಡುವುದು ಸಣ್ಣ ಮಾತಲ್ಲ. ಅಂಥ ಮನೆಗಳ ಗೋಡೆಯ ಮೇಲೆ ಆ ಮಗುವಿನ ಸಮವಸ್ತ್ರದ ಫೋಟೋ ದೇವರ ಫೋಟೋದ ಪಕ್ಕದಲ್ಲೇ ಇರುತ್ತದೆ. ಅದರಲ್ಲಿ ನಿಮ್ಮ ಪಾಲೂ ಇದೆ.

ನನ್ನ ತಕರಾರು ಒಂದೇ. ಹತ್ತು ವರ್ಷದ ಮಕ್ಕಳಿಗೆ ಗಣಿತ, ಮಾನಸಿಕ ಸಾಮರ್ಥ್ಯ, ಭಾಷೆ ಕಲಿಸುವುದರ ಜೊತೆಗೆ ಯಾವ ಪಠ್ಯದಲ್ಲೂ ಇಲ್ಲದ ಇನ್ನೊಂದು ಪಾಠವನ್ನೂ ನೀವು ಕಲಿಸುತ್ತಿದ್ದೀರಿ. ಪಕ್ಕದಲ್ಲಿ ಕೂತವನನ್ನು ವೈರಿ ಎಂದು ನೋಡುವ ಪಾಠ ಅದು.

ಒಂದು ಕೇಂದ್ರದ ಹೊರಗೆ ಕಂಡದ್ದನ್ನು ಹೇಳುತ್ತೇನೆ. ಐದನೆಯ ಇಯತ್ತೆಯ ಇಬ್ಬರು ಹುಡುಗರು, ಅಕ್ಕ-ತಂಗಿಯರ ಮಕ್ಕಳು, ಕಟ್ಟೆಯ ಮೇಲೆ ಕೂತು ಬುತ್ತಿ ಬಿಚ್ಚಿದ್ದರು. ಇಬ್ಬರಿಗೂ ಒಂದೇ ಡಬ್ಬಿ, ಖಡಕ್ ರೊಟ್ಟಿ, ಶೇಂಗಾ ಹಿಂಡಿ. ಊಟ ಮುಗಿದ ಮೇಲೆ ದೊಡ್ಡವನು ರಫ್ ವಹಿ ತೆಗೆದು ಭಿನ್ನರಾಶಿಯ ಲೆಕ್ಕ ಬಿಡಿಸತೊಡಗಿದ. ಸಣ್ಣವನು ಬಗ್ಗಿ ನೋಡಿದ. ಬರೆಯುತ್ತಿದ್ದವನು ಎಡಗೈ ಅಡ್ಡ ಇಟ್ಟು ವಹಿ ಮುಚ್ಚಿದ. ಕರೆದೊಯ್ಯಲು ಬಂದಿದ್ದ ಅವನ ತಂದೆ ಇದನ್ನು ಕಂಡು ಗದರಿಸಲಿಲ್ಲ, ಬೆನ್ನು ತಟ್ಟಿದ. "ಹಾಂ, ತೋರಸಬ್ಯಾಡ. ಇಲ್ಲಿ ಅಂವಾ ನಿನ್ನ ತಮ್ಮ ಅಲ್ಲ, ನಿನ್ನ ಕಾಂಪಿಟೀಟರ್ ಅದಾನ" ಅಂದ. ಆ ತಂದೆ ಈ ಮಾತನ್ನು ಹೊಲದಲ್ಲಿ ಕಲಿತು ಬಂದವನಲ್ಲ. ಪಾಲಕರ ಸಭೆಯಲ್ಲಿ ಕೇಳಿಸಿಕೊಂಡು ಬಂದವನು.

ಕಾಂಪಿಟೀಶನ್ ಎಂಬ ಒಂದೇ ಮಾತು ಈಗ ನಮ್ಮ ಬಾಯಲ್ಲಿ ಎಲ್ಲದಕ್ಕೂ ಬಂದು ಕೂತಿದೆ. ಎದುರುಬದುರು ಕಿರಾಣಿ ಅಂಗಡಿಗೂ ಅದೇ, ಪಂಚಾಯ್ತಿ ಚುನಾವಣೆಗೂ ಅದೇ, ಅಣ್ಣ-ತಮ್ಮರ ಬದುವಿನ ಜಗಳಕ್ಕೂ ಅದೇ, ಮಕ್ಕಳ ಪರೀಕ್ಷೆಗೂ ಅದೇ. ಆದರೆ ಇವೆಲ್ಲ ಒಂದೇ ಬಗೆಯವಲ್ಲ ಎಂಬುದು ಈ ನಾಡಿನ ಜನಕ್ಕೆ ಮೊದಲಿನಿಂದ ಗೊತ್ತಿತ್ತು.

ಕುಸ್ತಿಯನ್ನೇ ತೆಗೆದುಕೊಳ್ಳಿ. ನಮ್ಮ ಜಾತ್ರೆಗಳಲ್ಲಿ ಜಂಗಿ ನಿಕಾಲಿ ಕುಸ್ತಿ ಎಂದರೆ ಒಬ್ಬನ ಬೆನ್ನು ಮಣ್ಣಿಗೆ ತಾಗಿ ಚಿತ್ ಆಗುವ ತನಕ ನಡೆಯುವ ಕಾಳಗ. ಅಷ್ಟು ಬಿರುಸಿನ ಆಟದಲ್ಲಿ ಎದುರಿಗೆ ನಿಂತವನನ್ನು ಕರೆಯುವುದು 'ಜೋಡಿ' ಎಂದು. ಹಿರಿಯ ಪೈಲವಾನರು ಇಬ್ಬರ ಮೈಕಟ್ಟು, ತೂಕ, ವಯಸ್ಸು ಅಳೆದು ನೋಡಿ ಜೋಡಿ ಹಚ್ಚುತ್ತಾರೆ. ಬಲಾಢ್ಯನ ಮುಂದೆ ಬಡಕಲನನ್ನು ತಂದು ನಿಲ್ಲಿಸಿದರೆ ಸುತ್ತ ಕೂತ ಜನವೇ ಜೋಡಿ ಸರಿ ಇಲ್ಲ ಎಂದು ಕೂಗುತ್ತದೆ. ಕಣಕ್ಕೆ ಇಳಿದವರು ಮಣ್ಣು ಮುಟ್ಟಿ ನಮಸ್ಕರಿಸಿ, ಹಿಡಿ ಮಣ್ಣು ತೆಗೆದು ಒಬ್ಬರ ಮೈಗೆ ಒಬ್ಬರು ಹಚ್ಚುತ್ತಾರೆ. ಬೆವರಿಗೆ ಹಿಡಿತ ಜಾರದಿರಲಿ ಎಂದು ಎದುರಾಳಿಯ ತೋಳಿಗೆ ತಾನೇ ಮಣ್ಣು ಹಚ್ಚಿಕೊಡುವುದು! ಒಳ್ಳೆಯ ಜೋಡಿ ಸಿಗದಿದ್ದರೆ ಒಳ್ಳೆಯ ಪೈಲವಾನ ತಯಾರಾಗುವುದಿಲ್ಲ ಎಂಬುದು ಗರಡಿಮನೆಯ ಪ್ರತಿಯೊಬ್ಬ ಉಸ್ತಾದನಿಗೆ ಗೊತ್ತು. ಸೋತವನು ಎದ್ದು ಬಂದು ಗೆದ್ದವನ ಕೈ ಹಿಡಿಯದೆ ಹೋದರೆ ಅವನ ಸೋಲಿಗಿಂತ ಅದೇ ದೊಡ್ಡ ಸುದ್ದಿಯಾಗುತ್ತದೆ.

ಹರದೇಶಿ-ನಾಗೇಶಿ ಹಾಡಿಕೆಯೂ ಹಾಗೆಯೇ. ಒಂದು ಮೇಳ ಗಂಡು ಹೆಚ್ಚು ಎನ್ನುತ್ತದೆ, ಇನ್ನೊಂದು ಹೆಣ್ಣು ಹೆಚ್ಚು ಎನ್ನುತ್ತದೆ. ಪುರಾಣ, ಶಾಸ್ತ್ರ, ಲೋಕರೂಢಿ ಎಲ್ಲವನ್ನೂ ಎಳೆದು ತಂದು ಸವಾಲು-ಜವಾಬು ರಾತ್ರಿಯಿಡೀ ನಡೆಯುತ್ತದೆ. ಎದುರು ಮೇಳ ಸಪ್ಪೆ ಹಾಡಿದರೆ ನಮ್ಮ ಹಾಡಿಕೆಯೂ ಸಪ್ಪೆಯೇ. ಗಟ್ಟಿ ಸವಾಲು ಬಂದಾಗಲೇ ಹಾಡುಗಾರ ತನ್ನಲ್ಲಿದ್ದದ್ದನ್ನೆಲ್ಲ ಹೊರಗೆ ತೆಗೆಯುತ್ತಾನೆ.

ಕಾರ ಹುಣ್ಣಿಮೆಗೆ ಎತ್ತುಗಳನ್ನು ಓಡಿಸಿ ಕರಿ ಹರಿಯುವುದನ್ನು ನೋಡಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಬಬಲೇಶ್ವರ ತಾಲ್ಲೂಕಿನ ಕಾಖಂಡಕಿಯ ಕರಿ ನೋಡಲು ಸುತ್ತಲಿನ ಊರಿನವರು ಬಂದು ಮಾಳಿಗೆ ಹತ್ತುತ್ತಾರೆ. ಬಿಳಿ ಎತ್ತು ಮೊದಲು ಬಂದರೆ ಹಿಂಗಾರಿ ಚಲೋ, ಕೆಂದೆತ್ತು ಬಂದರೆ ಮುಂಗಾರಿ ಚಲೋ ಎನ್ನುವ ನಂಬಿಕೆ ನಮ್ಮ ಉತ್ತರ ಕರ್ನಾಟಕದ್ದು. ಯಾವ ಎತ್ತು ಗೆದ್ದರೂ ಊರಿಗೆ ಒಂದು ಬೆಳೆ ಇದ್ದೇ ಇದೆ.

ಹಾಗಂತ ನಮ್ಮ ಹಿರಿಯರೆಲ್ಲ ಬರೀ ಪ್ರೀತಿಯಿಂದಲೇ ಸೆಣಸುತ್ತಿದ್ದರು ಎಂದು ನಾನು ಹೇಳಲಾರೆ. 'ಸರೀಕ' ಎಂಬ ಮಾತು ನಮ್ಮಲ್ಲೇ ಇದೆ. ಸರೀಕ ಎಂದರೆ ಸರಿಸಮಾನ, ಜೊತೆಯವ. ಆದರೆ ಸರೀಕರ ಮುಂದೆ ತಲೆ ತಗ್ಗಿಸಬಾರದು ಎಂಬ ಒಂದೇ ಹಟಕ್ಕೆ ಸಾಲ ಮಾಡಿ ಮದುವೆ ಮಾಡಿದವರು, ಮನೆ ಕಟ್ಟಿಸಿ ಹೊಲ ಮಾರಿಕೊಂಡವರು ಪ್ರತಿ ಊರಿನಲ್ಲೂ ಸಿಗುತ್ತಾರೆ. ಅರಸರೂ ಇದಕ್ಕೆ ಹೊರತಾಗಿರಲಿಲ್ಲ. 1656ರಲ್ಲಿ ತೀರಿಕೊಂಡ ಮಹಮ್ಮದ್ ಆದಿಲ್ ಶಾಹನ ಸಮಾಧಿಯೇ ಗೋಳಗುಮ್ಮಟ. ಅವನ ನಂತರ ಪಟ್ಟಕ್ಕೆ ಬಂದ ಎರಡನೆಯ ಅಲಿ ಆದಿಲ್ ಶಾಹ ತನ್ನ ಸಮಾಧಿ ಅದನ್ನೂ ಮೀರಿಸಬೇಕು ಎಂದು ಹೊರಟನೆಂದು, ತನ್ನ ಕಟ್ಟಡದ ನೆರಳು ಗುಮ್ಮಟದ ಮೇಲೆ ಬೀಳಬೇಕೆಂದು ಬಯಸಿದನೆಂದು ಜನ ಹೇಳುತ್ತಾರೆ. 1672ರಲ್ಲಿ ಅವನೂ ತೀರಿಕೊಂಡ. ಉಳಿದದ್ದು ಛಾವಣಿ ಇಲ್ಲದ ಬಾರಾ ಕಮಾನು. ಸರೀಕತನದ ಹಟದ ಬಗ್ಗೆ ನಿಮ್ಮ ಮಕ್ಕಳಿಗೆ ಹೇಳಬೇಕೆಂದಿದ್ದರೆ ರವಿವಾರ ಅಲ್ಲಿಗೆ ಕರೆದುಕೊಂಡು ಹೋಗಿ, ಕಮಾನುಗಳ ಕೆಳಗೆ ಕೂಡಿಸಿ ಹೇಳಿ.

ಇನ್ನು ನನ್ನ ವಿಷಯಕ್ಕೆ ಬರುತ್ತೇನೆ. ನೀವು ಕಾಂಪಿಟೀಟರ್ ಎಂದು ಹೇಳಿಕೊಡುವ ಇಂಗ್ಲಿಷಿನಲ್ಲೂ ಇವು ಬೇರೆ ಬೇರೆ ಮಾತುಗಳು. ಕಾಂಪಿಟೀಟರ್ ಎಂದರೆ ಅದೇ ಓಟದಲ್ಲಿ ಓಡುತ್ತಿರುವ ಯಾರಾದರೂ ಸರಿ, ಅವನ ಮುಖ ನಿಮಗೆ ಗೊತ್ತಿರಬೇಕೆಂದಿಲ್ಲ. ಆಪೊನೆಂಟ್ ಎಂದರೆ ಇವತ್ತಿನ ಪಂದ್ಯದಲ್ಲಿ ಎದುರಿಗೆ ನಿಂತವನು. ಪಂದ್ಯ ಮುಗಿದರೆ ಆ ಸಂಬಂಧವೂ ಮುಗಿಯಿತು. ರೈವಲ್ ಎಂದರೆ ಬಹಳ ಕಾಲದಿಂದ ಬಲ್ಲವನು, ಮತ್ತೆ ಮತ್ತೆ ಎದುರಾಗುವವನು. ಇವರಾರೂ ಎನಿಮಿ ಅಲ್ಲ. ಕೆಡುಕು ಬಯಸುವವನಿಗಷ್ಟೇ ಆ ಹೆಸರು. ಚೀನಿ ಭಾಷೆಯವರಲ್ಲೂ ಇಂಥದೇ ಬೇರೆತನ ಇದೆ. ಪಂದ್ಯಕ್ಕೆ 'ಜಿಂಗ್‌ಸಾಯ್' ಎನ್ನುತ್ತಾರೆ, ಪೈಪೋಟಿಗೆ 'ಜಿಂಗ್‌ಝೆಂಗ್' ಎನ್ನುತ್ತಾರೆ. ಈ ಎರಡನೆಯದರಲ್ಲಿ ಕಿತ್ತಾಟದ ಅರ್ಥ ಒಳಗೇ ಸೇರಿದೆ.

ರೈವಲ್ ಎಂಬ ಮಾತಿನ ಹುಟ್ಟು ತಿಕೋಟಾ-ಬಬಲೇಶ್ವರದ ರೈತರಿಗೆ ಬೇರೆ ಯಾರಿಗಿಂತ ಚೆನ್ನಾಗಿ ಅರ್ಥವಾದೀತು. ಲ್ಯಾಟಿನ್ ಭಾಷೆಯಲ್ಲಿ ರಿವಸ್ ಎಂದರೆ ತೊರೆ, ಕಾಲುವೆ. ಒಂದೇ ತೊರೆಯ ನೀರು ಬಳಸುವ ನೆರೆಹೊಲದವರಿಗೆ ರಿವಾಲಿಸ್ ಎನ್ನುತ್ತಿದ್ದರು. ಅದೇ ರೈವಲ್ ಆಯಿತು. ಬರದ ವರ್ಷಗಳಲ್ಲಿ ಟ್ಯಾಂಕರ್ ನೀರು ಕೊಂಡು ದ್ರಾಕ್ಷಿ ಬಳ್ಳಿ ಉಳಿಸಿಕೊಂಡ ಜನ ನಾವು. ತುಬಚಿ-ಬಬಲೇಶ್ವರ ಏತ ನೀರಾವರಿಯಿಂದ ಕೃಷ್ಣೆಯ ನೀರು ಈ ಕಡೆಗೆ ಹರಿದಾಗ ಎಷ್ಟು ಹಿಗ್ಗಿದೆವೋ, ಕಾಲುವೆಯ ಮೇಲಿನವರಿಗೂ ಕೊನೆಯವರಿಗೂ ಮಾತಿಗೆ ಮಾತು ಬೆಳೆಯುವುದನ್ನೂ ಅಷ್ಟೇ ಬಲ್ಲೆವು. ಇದೇ ಕೃಷ್ಣೆಗಾಗಿ ರಾಜ್ಯ ರಾಜ್ಯಗಳು ಬಚಾವತ್ ನ್ಯಾಯಮಂಡಳಿಯ ಮುಂದೆ ನಿಂತವು, 1973ರಲ್ಲಿ ತೀರ್ಪು ಬಂತು. ನೀರಿಗೆ ಪಾಳಿ ಹಚ್ಚಬಹುದು, ಅಳತೆ ಹಾಕಬಹುದು. ಪಕ್ಕದ ಹೊಲದವನನ್ನು ಅಲ್ಲಿಂದ ತೆಗೆದುಹಾಕಲು ಬರುವುದಿಲ್ಲ. ನಾಳೆ ಬೋರ್ ಕೆಟ್ಟರೆ ನೀವು ಹೋಗಿ ಕೇಳುವುದು ಅವನನ್ನೇ.

ನೀವು ಕೇಳಬಹುದು: "ಮಾಸ್ತರರೆ, ಮಾತೆಲ್ಲ ಸರಿ. ಆದರೆ ಸೀಟು ಇರುವುದೇ ಇಷ್ಟು. ಅವನಿಗೆ ಸಿಕ್ಕರೆ ನಮ್ಮವನಿಗೆ ಹೋಯಿತಲ್ಲ?" ನ್ಯಾಯವಾದ ಪ್ರಶ್ನೆ. ಲೆಕ್ಕ ಹಾಕಿಯೇ ನೋಡೋಣ. ನವೋದಯ ಶಾಲೆಯ ಆರನೆಯ ಇಯತ್ತೆಗೆ ಹೆಚ್ಚೆಂದರೆ 80 ಮಕ್ಕಳು. ಪರೀಕ್ಷೆಗೆ 80 ಪ್ರಶ್ನೆ, 100 ಅಂಕ, ಎರಡು ತಾಸು. ಒಂದು ಮಗುವಿಗೆ ಒಂದೇ ಸಲ ಅವಕಾಶ. ಜಿಲ್ಲೆಯ ಮೂಲೆಮೂಲೆಯಿಂದ ಮಕ್ಕಳು ಬಂದು ಬರೆಯುತ್ತಾರೆ. ನಿಮ್ಮ ಮಗ ವಹಿ ಮುಚ್ಚಿಟ್ಟು ಪಕ್ಕದವನನ್ನು ಹಿಂದೆ ಹಾಕಿದ ಎಂದೇ ಇಟ್ಟುಕೊಳ್ಳಿ, ಅವನು ಮೇಲೇರಿದ್ದು ಒಂದು ಸ್ಥಾನ. ಉಳಿದವರಾರೂ ಅವನ ಕೈಯಡ್ಡಕ್ಕೆ ಸಿಗುವವರಲ್ಲ. ಅದೇ ಇಬ್ಬರೂ ಕೂಡಿ ಕೂತು, ಇವನು ಅವನಿಗೆ ಭಿನ್ನರಾಶಿ, ಅವನು ಇವನಿಗೆ ಆಕೃತಿಯ ಪ್ರಶ್ನೆ ಹೇಳಿಕೊಟ್ಟರೆ, ಇಬ್ಬರೂ ಎರಡು ಪ್ರಶ್ನೆ ಹೆಚ್ಚು ಸರಿ ಮಾಡಿದರೂ ಹಿಂದೆ ಬೀಳುವವರು ಒಬ್ಬರಲ್ಲ, ಎಷ್ಟೋ ಜನ. ಸೈನಿಕ ಶಾಲೆಯ ಆರನೆಯ ಇಯತ್ತೆಯ ಪರೀಕ್ಷೆಯಲ್ಲಿ 300 ಅಂಕಕ್ಕೆ 150 ಗಣಿತದ್ದೇ. ಗಣಿತವನ್ನು ಇನ್ನೊಬ್ಬನಿಗೆ ಬಿಡಿಸಿ ಹೇಳಿದಾಗಲೇ ತನಗೆ ಪಕ್ಕಾ ಆಗುತ್ತದೆ ಎಂಬುದನ್ನು ನಿಮ್ಮ ಗಣಿತದ ಮಾಸ್ತರರನ್ನೇ ಕೇಳಿ. ವಹಿ ಮುಚ್ಚುವುದು ತಪ್ಪು ಎನ್ನುವುದಕ್ಕಿಂತ ಮೊದಲು ಅದು ನಷ್ಟದ ವ್ಯವಹಾರ.

ಈ ಓಟ ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂದು ತಿಳಿಯಲು ಇಂಥ ಪರೀಕ್ಷೆ ಹುಟ್ಟಿದ ಕಡೆಗೇ ನೋಡೋಣ. ಸ್ಪರ್ಧಾತ್ಮಕ ಪರೀಕ್ಷೆಯ ಮೂಲ ಚೀನಾ. ಅಲ್ಲಿ ಅರಸನ ಸೇವೆಗೆ ಸೇರುವ ಪರೀಕ್ಷೆ ಸುಮಾರು 1300 ವರ್ಷ ನಡೆದು 1905ರಲ್ಲಿ ನಿಂತಿತು. ಒಬ್ಬೊಬ್ಬ ಅಭ್ಯರ್ಥಿಯನ್ನೂ ಬೇರೆ ಬೇರೆ ಸಣ್ಣ ಕೋಣೆಯಲ್ಲಿ ಕೂಡಿಸಿ ಬರೆಸುತ್ತಿದ್ದರು. ನಮ್ಮ ದೇಶದ ಆಡಳಿತ ಸೇವೆಗೆ ಬ್ರಿಟಿಷರು 1855ರಲ್ಲಿ ಲಂಡನ್ನಿನಲ್ಲಿ ಮುಕ್ತ ಪರೀಕ್ಷೆ ಶುರು ಮಾಡಿದಾಗ ಅವರ ಕಣ್ಣ ಮುಂದೆ ಆ ಚೀನಾದ ಮಾದರಿಯೂ ಇತ್ತು. ವಶೀಲಿ ಇಲ್ಲದ ಮನೆಯ ಮಗುವೂ ಮೇಲೆ ಬರಲಿ ಎಂಬುದು ಆ ಪರೀಕ್ಷೆಗಳ ಒಳ್ಳೆಯ ಗುಣ, ನಾನು ಅದನ್ನು ಗೌರವಿಸುತ್ತೇನೆ. ಆದರೆ ಅದೇ ಚೀನಾದ ಎಳೆಯರು 2020ರ ಸುಮಾರಿಗೆ ಒಂದು ಮಾತನ್ನು ಮನೆಮಾತು ಮಾಡಿದರು: 'ನೇಯ್‌ಜ್ವಾನ್', ಒಳಗೊಳಗೇ ಸುರುಳಿ ಸುತ್ತಿಕೊಳ್ಳುವುದು. ಎಲ್ಲರೂ ಇನ್ನಷ್ಟು ತಾಸು ಓದುತ್ತಾರೆ, ಎಲ್ಲರೂ ಇನ್ನಷ್ಟು ದಣಿಯುತ್ತಾರೆ, ಸೀಟು ಮಾತ್ರ ಅಷ್ಟೇ ಇರುತ್ತದೆ. ಬೆಳಗಿನ ಐದಕ್ಕೆ ಎಬ್ಬಿಸುವ ಕೇಂದ್ರದ ಪಕ್ಕದಲ್ಲಿ ನಾಲ್ಕೂವರೆಗೆ ಎಬ್ಬಿಸುವ ಕೇಂದ್ರ ತೆರೆದಾಗ ಆಗುವುದು ಇದೇ. ಆ ಅರ್ಧ ತಾಸಿನಿಂದ ಜಿಲ್ಲೆಗೆ ಒಂದೂ ಸೀಟು ಹೆಚ್ಚಾಗುವುದಿಲ್ಲ, ಹತ್ತು ವರ್ಷದ ಮಗುವಿನ ನಿದ್ದೆ ಮಾತ್ರ ಹೋಗುತ್ತದೆ.

ಸರಕಾರದ ಮಾತೂ ಒಂದಿದೆ. 2024ರ ಜನವರಿಯಲ್ಲಿ ಕೇಂದ್ರ ಶಿಕ್ಷಣ ಸಚಿವಾಲಯ ತರಬೇತಿ ಕೇಂದ್ರಗಳಿಗಾಗಿ ಮಾರ್ಗಸೂಚಿ ಹೊರಡಿಸಿ ರಾಜ್ಯಗಳಿಗೆ ಕಳಿಸಿತು. 16 ವರ್ಷದೊಳಗಿನವರನ್ನು ಸೇರಿಸಿಕೊಳ್ಳಬಾರದು, ರ‍್ಯಾಂಕಿನ ಖಾತ್ರಿ ಕೊಡಬಾರದು, ಕೇಂದ್ರದ ಒಳಗಿನ ಟೆಸ್ಟುಗಳ ಫಲಿತಾಂಶ ಬಹಿರಂಗ ಮಾಡಬಾರದು ಎಂದೆಲ್ಲ ಅದರಲ್ಲಿದೆ. 16ರ ಮಾತು ಹಾಗೇ ಜಾರಿಗೆ ಬಂದರೆ ಐದನೆಯ ಇಯತ್ತೆಯ ತರಬೇತಿಯೇ ಉಳಿಯುವುದಿಲ್ಲ, ಅದು ನಿಮಗೂ ಗೊತ್ತು. ಆ ಚರ್ಚೆ ಸರಕಾರದ್ದು. ಟೆಸ್ಟಿನ ಅಂಕ ಗೋಡೆಗೆ ಅಂಟಿಸದಿರುವುದಕ್ಕೆ ಮಾತ್ರ ಯಾರ ಆದೇಶವೂ ಬೇಕಿಲ್ಲ.

ಹಾಗಾಗಿ ನಿಮ್ಮಲ್ಲಿ ಕೈಮುಗಿದು ಕೇಳುತ್ತೇನೆ. ರವಿವಾರದ ಟೆಸ್ಟಿನ ಅಂಕಗಳನ್ನು ಎಲ್ಲರ ಮುಂದೆ ಕೂಗಬೇಡಿ. ಮಗುವನ್ನೂ ತಾಯಿ-ತಂದೆಯನ್ನೂ ಕೂಡಿಸಿಕೊಂಡು ಹೇಳಿ. ಗರಡಿಯ ಉಸ್ತಾದ ಜೋಡಿ ಹಚ್ಚುವ ಹಾಗೆ ಸರಿಸಮ ಮಕ್ಕಳನ್ನು ಜೋಡಿ ಕೂಡಿಸಿ, ಒಬ್ಬನಿಗೆ ಬಾರದ್ದನ್ನು ಇನ್ನೊಬ್ಬ ಹೇಳಿಕೊಡಲು ದಿನಕ್ಕೆ ಅರ್ಧ ತಾಸು ಬಿಡಿ. ಆ ಜೋಡಿಯಲ್ಲಿ ಯಾರು ಮುಂದೆ ಬಂದರೂ ಶಭಾಸ್ ಅನ್ನಿಸಿಕೊಳ್ಳುವವರು ಇಬ್ಬರೂ ಆಗಿರಲಿ. ರಸ್ತೆಯ ಫ್ಲೆಕ್ಸಿನಲ್ಲಿ ಮಕ್ಕಳ ಮುಖದ ಕೆಳಗೆ ಅಂಕ ಬರೆಸುವ ದುಡ್ಡಿನಲ್ಲಿ ಅವರಿಗೆ ಓದುವ ಪುಸ್ತಕ ತನ್ನಿ. ಪಾಲಕರ ಸಭೆಯಲ್ಲಿ ಕಾಂಪಿಟೀಟರ್ ಎಂಬ ಮಾತನ್ನು ಬಿಟ್ಟು ಮಾತಾಡಿ ನೋಡಿ. ತಾಯಿ-ತಂದೆಯರೆ, ಸಂಜೆ ಕರೆದೊಯ್ಯಲು ಬಂದಾಗ ಎಷ್ಟು ಮಾರ್ಕ್ಸ್ ಬಿದ್ದವು ಎನ್ನುವ ಮೊದಲು ಇವತ್ತು ಯಾರಿಗೆ ಏನು ಹೇಳಿಕೊಟ್ಟಿ ಎಂದು ಕೇಳಿ.

ಇನ್ನೊಂದು ಮಾತು. ಸೀಟು ಸಿಗದ ಮಕ್ಕಳೇ ನಿಮ್ಮಲ್ಲಿ ಹೆಚ್ಚು. ಫಲಿತಾಂಶದ ದಿನ ಅವರು ಮನೆಯಲ್ಲಿ ಮೂಲೆ ಹಿಡಿದು ಕೂಡುತ್ತಾರೆ, ನಿಮ್ಮ ಕೇಂದ್ರದಿಂದ ಅವರಿಗೆ ಒಂದು ಫೋನೂ ಹೋಗುವುದಿಲ್ಲ. ಅವರನ್ನೂ ಕರೆಸಿ. ಸೀಟು ಸಿಕ್ಕ ಮಕ್ಕಳ ಜೊತೆಗೇ ಕೂಡಿಸಿ ಊಟ ಹಾಕಿ, ಒಬ್ಬೊಬ್ಬರ ಹೆಸರು ಹಿಡಿದು ಮಾತಾಡಿಸಿ, ಮುಂದಿನ ಶಾಲೆಗೆ ಕಳಿಸಿಕೊಡಿ. ಬರುವ ಫಲಿತಾಂಶದಿಂದಲೇ ಇದನ್ನು ಶುರು ಮಾಡಿ.

ಇತಿ ನಿಮ್ಮ ವಿಶ್ವಾಸಿ,
ಒಬ್ಬ ಇಂಗ್ಲಿಷ್ ಮಾಸ್ತರ