ಎರಡನೆಯ ಕಟ್: ಚಿಕ್ಕೋಡಿ ಸೀಮೆಯ ಶಾಕಾಹಾರಿ ಹೋಟೆಲುಗಳ ಗಡಿನಿರ್ಣಯ ಕುರಿತು ಏಕಸದಸ್ಯ ಆಯೋಗದ ವರದಿ

1956ರ ನವೆಂಬರ್ 1ರಂದು ಬೆಳಗಾವಿ ಜಿಲ್ಲೆ ಮುಂಬಯಿ ರಾಜ್ಯ ಬಿಟ್ಟು ಮೈಸೂರು ರಾಜ್ಯಕ್ಕೆ ಬಂತು. ಗಡಿ ಸರಿಯಿಲ್ಲವೆಂದು ತಕರಾರು ಎದ್ದಿತು. 1966ರಲ್ಲಿ ನ್ಯಾಯಮೂರ್ತಿ ಮೆಹರಚಂದ ಮಹಾಜನರ ಏಕಸದಸ್ಯ ಆಯೋಗ ಕೂತಿತು, ಮರುವರ್ಷ ವರದಿ ಕೊಟ್ಟಿತು. 2004ರಿಂದ ಪ್ರಕರಣ ಸುಪ್ರೀಂ ಕೋರ್ಟಿನಲ್ಲಿದೆ. ಭಾಷೆ ಕೇಳಿದರು, ಜನಗಣತಿ ನೋಡಿದರು, ನಕಾಶೆ ಹಾಸಿದರು. ಬಟ್ಟಲು ಮೂಸಿ ನೋಡಿದವರು ಮಾತ್ರ ಒಬ್ಬರೂ ಇಲ್ಲ. ಸಾಂಬಾರ ಎಲ್ಲಿ ಮುಗಿದು ಕಟ್ ಎಲ್ಲಿ ಶುರುವಾಗುತ್ತದೆ ಎಂಬ ಪ್ರಶ್ನೆ ಹೀಗಾಗಿ ಇಷ್ಟು ವರ್ಷ ಅನಾಥವಾಗಿ ಬಿದ್ದಿತ್ತು. ಪ್ರಸ್ತುತ ಸಂಶೋಧಕನು ತನ್ನನ್ನು ತಾನೇ ನೇಮಿಸಿಕೊಂಡು, ತನ್ನದೇ ಖರ್ಚಿನಲ್ಲಿ, ಆ ಪ್ರಶ್ನೆಗೆ ಉತ್ತರ ಹುಡುಕಿ ಈ ವರದಿ ಸಲ್ಲಿಸುತ್ತಿದ್ದಾನೆ. ಬಿಲ್ಲುಗಳನ್ನು ಕಾಯ್ದಿಡಲಾಗಿದೆ. ಎಣ್ಣೆ ಕುಡಿದು ಅಕ್ಷರ ಮಾತ್ರ ಕಾಣುವುದಿಲ್ಲ.

ವ್ಯಾಪ್ತಿ: ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ. ಅವಧಿ: ಕಬ್ಬಿನ ಹಂಗಾಮು ಸುರುವಾದಂದಿನಿಂದ ಡಾಕ್ಟರು ಸಾಕೆನ್ನುವವರೆಗೆ. ಸಂಶೋಧಕ ಹುಟ್ಟು ಶಾಕಾಹಾರಿ. ಆದ್ದರಿಂದ ಕೊಲ್ಹಾಪುರದ ತಾಂಬಡಾ ರಸ್ಸಾ, ಪಾಂಢರಾ ರಸ್ಸಾ ಮುಂತಾದ ಘನ ವಿಷಯಗಳು ವರದಿಯ ಹೊರಗುಳಿದಿವೆ. ಪಕ್ಕದ ಟೇಬಲ್ಲಿನಿಂದ ಬಂದ ವಾಸನೆಯನ್ನು ಸಾಕ್ಷ್ಯವೆಂದು ಪರಿಗಣಿಸಿಲ್ಲ. ಹೋಟೆಲುಗಳ ಹೆಸರು ಎಲ್ಲೂ ಕೊಟ್ಟಿಲ್ಲ. ಇದನ್ನು ಸಂಶೋಧನಾ ಶಿಷ್ಟಾಚಾರ ಎಂದು ಬರೆದುಕೊಳ್ಳಬಹುದು. ನಿಜ ಹೇಳಬೇಕೆಂದರೆ ನಾಳೆ ಮುಂಜಾನೆ ಚಹಾಕ್ಕೆ ಮತ್ತೆ ಅಲ್ಲಿಗೇ ಹೋಗಬೇಕು.

ಪೂರ್ವಸೂರಿಗಳ ಸ್ಮರಣೆ ಸಂಪ್ರದಾಯ. ಇಡ್ಲಿ ಈ ಭಾಗಕ್ಕೆ ಉಡುಪಿಯವರ ಟ್ರಂಕಿನಲ್ಲಿ ಬಂತೆಂದು ನಮ್ಮಲ್ಲಿ ನಂಬುವವರುಂಟು. ವಡ್ಡಾರಾಧನೆಯಲ್ಲೇ ‘ಇಡ್ಡಲಿಗೆ’ ಸಿಗುತ್ತದೆಂದು ಅವರ ಗಮನಕ್ಕೆ ತರಬೇಕು. ಎರಡನೆಯ ಚಾವುಂಡರಾಯನ ‘ಲೋಕೋಪಕಾರ’ ಮಳೆ, ಬೆಳೆ, ಬಾವಿ, ವೈದ್ಯದ ಜತೆಗೆ ಅಡಿಗೆಯನ್ನೂ ಹೇಳಿತು. ಹದಿನಾರನೆಯ ಶತಮಾನದ ಮೂರನೆಯ ಮಂಗರಸನಂತೂ ಮಾಂಸದ ಮಾತೆತ್ತದೆ ಒಂದಿಡೀ ‘ಸೂಪಶಾಸ್ತ್ರ’ವನ್ನೇ ಪದ್ಯದಲ್ಲಿ ಬರೆದ. ವಡ್ಡಾರಾಧನೆಯ ಕರ್ತೃವೂ ಸೇರಿ ಮೂವರೂ ಜೈನರು, ಮೂವರೂ ಬಲ್ಲವರು. ಮಿಸಳದ ಬಗ್ಗೆ ಮೂವರೂ ಮೌನ. ಆ ಮೌನದಲ್ಲಿಯೇ ಈ ಪ್ರಬಂಧಕ್ಕೆ ಜಾಗ ಸಿಕ್ಕಿದೆ.

ಇನ್ನು ಶಬ್ದವಿಚಾರ. ಹೋಳಿಗೆಗೆ ಕಡಲೀಬ್ಯಾಳಿ ಬೇಯಿಸಿ ಬಸಿದಾಗ ಇಳಿಯುವ ನೀರು ಕಟ್ಟು; ಅದರಿಂದ ಕಟ್ಟಿನ ಸಾರು. ಗಡಿಯಾಚೆ ಅದೇ ಪಾತ್ರೆ, ಅದೇ ಬ್ಯಾಳಿ, ಅದೇ ಹಬ್ಬ. ಹೆಸರು ಕಟಾಚಿ ಆಮಟಿ. ಮಿಸಳದ ಮೇಲೆ ಸುರಿಯುವ ಕೆಂಪು ದ್ರವ್ಯಕ್ಕೂ ಕಟ್ ಎಂದೇ ಹೆಸರು, ಅದರಲ್ಲಿ ಬ್ಯಾಳಿ ಇಲ್ಲದಿದ್ದರೂ. ಕನ್ನಡದ ಕಟ್ಟು ಮರಾಠಿಗೆ ಹೋಗಿ ಬಾಲ ಕಳಕೊಂಡು ಕಟ್ ಆಯಿತೆಂಬುದು ನನ್ನ ಪಕ್ಷ. ತುಪ್ಪ ಅತ್ತ ಹೋಗಿ ‘ತೂಪ’ ಆಗಿಲ್ಲವೇ? ಪ್ರತಿಪಕ್ಷದವರು ತಮ್ಮ ಕಟ್ಟೇ ಇತ್ತ ಬಂದು ಉಕಾರ ಕಟ್ಟಿಕೊಂಡಿತೆನ್ನುತ್ತಾರೆ. ನಿಪ್ಪಾಣಿಯ ಒಂದು ಟೇಬಲ್ಲಿನಲ್ಲಿ ಈ ವಾದ ನಲವತ್ತು ನಿಮಿಷ ನಡೆಯಿತು. ಅಷ್ಟರಲ್ಲಿ ಇಬ್ಬರ ಕಟ್ಟೂ ಆರಿಹೋಯಿತು.

ಕ್ಷೇತ್ರಕಾರ್ಯ ಶುರುವಾದದ್ದು ಕೊಗನೋಳಿ ಟೋಲ್ ನಾಕಾದಿಂದ. ಕೊಲ್ಹಾಪುರದಿಂದ ಬರುವ ರಾಷ್ಟ್ರೀಯ ಹೆದ್ದಾರಿ 48 ಕರ್ನಾಟಕಕ್ಕೆ ಕಾಲಿಡುವುದು ಇಲ್ಲಿ. ಲಾರಿ ನಿಲ್ಲುತ್ತದೆ, ಕಾರು ನಿಲ್ಲುತ್ತದೆ. ಮಿಸಳ ಮಾತ್ರ ನಿಲ್ಲದೆ ನೇರ ನಿಪ್ಪಾಣಿಗೆ ಹೋಗುತ್ತದೆ. ತಾಟಿನ ತಳದಲ್ಲಿ ಮೊಳಕೆಯೊಡೆದ ಮಡಕಿಕಾಳಿನ ಉಸಳಿ, ಒಂದು ಚಮಚೆ ಬಟಾಟಿ ಪಲ್ಯ, ಅದರ ನೆತ್ತಿಗೆ ಫರಸಾಣ, ಹೆಚ್ಚಿದ ಉಳ್ಳಾಗಡ್ಡಿ, ಕೊತಂಬರಿ, ಬದಿಗೆ ಲಿಂಬಿ ಹೋಳು. ಬೇರೆ ಬಟ್ಟಲಿನಲ್ಲಿ ಕಟ್, ಮೇಲೆ ಬೆರಳು ದಪ್ಪ ಕೆಂಪೆಣ್ಣೆ. ಜತೆಗೆ, ಕೊಲ್ಹಾಪುರದ ಪದ್ಧತಿಯಂತೆ, ಪಾವಿನ ಬದಲು ದಪ್ಪ ಬ್ರೆಡ್ಡಿನ ಎರಡು ಹೋಳು. ಮೊದಲ ತುತ್ತು ನಾಲಿಗೆಗೆ, ಎರಡನೆಯದು ಕಿವಿಗೆ, ಮೂರನೆಯದು ನೆತ್ತಿಗೆ ಮುಟ್ಟುತ್ತದೆ.

ಇಲ್ಲಿ ಒಂದು ಗಣಿತವಿದೆ. ಬ್ರೆಡ್ಡು ಎರಡು, ಕಟ್ಟಿನ ಬಟ್ಟಲು ಒಂದು. ಮೊದಲ ಹೋಳೇ ಬಟ್ಟಲನ್ನೆಲ್ಲ ಕುಡಿದುಬಿಡುತ್ತದೆ. ಎರಡನೆಯ ಹೋಳು ಒಣಗಿದ ಬಾಯಲ್ಲಿ ಕೂತು ಗಿರಾಕಿಯ ಮುಖ ನೋಡುತ್ತದೆ. ಹೀಗಾಗಿ ಎರಡನೆಯ ಕಟ್ ಕೇಳುವುದು ಆಸೆಬುರುಕತನವಲ್ಲ, ಲೆಕ್ಕ. ಹೋಟೆಲಿನ ಯೋಗ್ಯತೆಯನ್ನು ಅಲ್ಲಿಯ ಟೈಲ್ಸ್, ಏಸಿ, ಗೋಡೆಯ ಮೇಲಿನ ಜಲಪಾತದ ಚಿತ್ರ ಇವುಗಳಿಂದ ಅಳೆಯದೆ, ಎರಡನೆಯ ಕಟ್ ಬರುವ ರೀತಿಯಿಂದ ಅಳೆಯತಕ್ಕದ್ದು ಎಂಬ ಸೂತ್ರ ನನಗೆ ಹೊಳೆದದ್ದು ಈ ಬಟ್ಟಲಿನಲ್ಲಿ. ಆ ದಿನ ಹುಡುಗ ಸ್ಟೀಲಿನ ಜಗ್ಗು ಹಿಡಿದು ತಾನೇ ಬಂದ. “ಆಣಖೀ ಹಾಕಲ್ರಿ?” ಅಂದ. ಎರಡು ಶಬ್ದದ ವಾಕ್ಯ. ಮೊದಲನೆಯದು ಮಹಾರಾಷ್ಟ್ರದ್ದು, ಎರಡನೆಯದು ಕರ್ನಾಟಕದ್ದು. ಗಡಿ ಎಲ್ಲಿದೆಯೆಂದು ಕೇಳುವವರು ಆ ಎರಡು ಶಬ್ದಗಳ ನಡುವಿನ ಖಾಲಿ ಜಾಗ ನೋಡಿಕೊಳ್ಳಬಹುದು. ನಿಪ್ಪಾಣಿಯ ತಂಬಾಕೂ ಸೊಪ್ಪೇ ಆದ್ದರಿಂದ ಅದನ್ನು ಶಾಕಾಹಾರದಲ್ಲಿ ಸೇರಿಸಬೇಕೆಂದು ಬಾಗಿಲಲ್ಲಿ ನಿಂತಿದ್ದ ಒಬ್ಬ ಹಿರಿಯರು ಮನವಿ ಕೊಟ್ಟರು. ಮನವಿ ಪರಿಶೀಲನೆಯಲ್ಲಿದೆ.

ಕಾಗವಾಡ ತಾಲ್ಲೂಕು ಹೊಸದು. ಎಣ್ಣೆ ಎಲ್ಲ ಕಡೆ ಹಾಗಲ್ಲ. ಇಲ್ಲಿ ಚರ್ಚಿಸಬೇಕಾದ ಶಬ್ದ ‘ಶುದ್ಧ’. ಈ ಸೀಮೆಯ ಬೋರ್ಡುಗಳಲ್ಲಿ ‘ಶುದ್ಧ ಶಾಕಾಹಾರಿ’ ಎಂದು ಬರೆಸುವವರು ತಾವು ಯಾರ ಮಧ್ಯೆ ಬರೆಸುತ್ತಿದ್ದೇವೆಂದು ಒಮ್ಮೆ ಯೋಚಿಸಬೇಕು. ಜೈನಮುನಿ ಆಚಾರ್ಯ ವಿದ್ಯಾನಂದರು 1925ರಲ್ಲಿ ಹುಟ್ಟಿದ್ದು ಇದೇ ತಾಲ್ಲೂಕಿನ ಶೇಡಬಾಳದಲ್ಲಿ. ಆಚಾರ್ಯ ವಿದ್ಯಾಸಾಗರರು 1946ರಲ್ಲಿ ಹುಟ್ಟಿದ್ದು ಅತ್ತ ಸದಲಗಾದಲ್ಲಿ. ಶಾಂತಿಸಾಗರರ ಊರು ಭೋಜ. ದಿನಕ್ಕೊಂದೇ ಸಲ, ನಿಂತು, ಅಂಗೈಯಲ್ಲಿ ಆಹಾರ ಸ್ವೀಕರಿಸುವವರ ನೆಲ ಇದು. ಇಲ್ಲಿಯ ಸಾಮಾನ್ಯ ಶ್ರಾವಕನ ಮನೆಯಲ್ಲೂ ನಿಯಮ ಹಿಡಿದವರು ಉಳ್ಳಾಗಡ್ಡಿ, ಬಳ್ಳೊಳ್ಳಿ, ಬಟಾಟಿ, ಗಜ್ಜರಿ ಮುಟ್ಟುವುದಿಲ್ಲ. ಹೊತ್ತು ಮುಳುಗಿದ ಮೇಲೆ ಬಾಯಿ ತೆರೆಯುವುದಿಲ್ಲ. ಅಂಥ ಒಬ್ಬ ಗೆಳೆಯರ ಜತೆ ಸಂಜೆ ಹೋಟೆಲಿಗೆ ಹೋಗಿದ್ದೆ. ಅವರು ಗಡಿಯಾರ ನೋಡಲಿಲ್ಲ, ಕಿಡಕಿಯಾಚೆ ಕಬ್ಬಿನ ಗದ್ದೆಯ ಮೇಲಿನ ಸೂರ್ಯನನ್ನು ನೋಡುತ್ತಿದ್ದರು. ಸೂರ್ಯ ಕಬ್ಬಿನ ಗರಿಗೆ ತಾಗಿದಾಗ ಮಾಣಿ ಇನ್ನೂ ಟೇಬಲ್ ಒರೆಸುತ್ತಿದ್ದ. ಅರ್ಧ ಸೂರ್ಯ ಹೋದಾಗ ನೀರು ತಂದಿಟ್ಟ. ‘ಜೈನ್ ಭಾಜಿ’ ಬಂದದ್ದು ಚುಕ್ಕಿ ಮೂಡಿದ ಮೇಲೆ. ಗೆಳೆಯರು ಕೈಮುಗಿದು ಎದ್ದರು. ಭಾಜಿ ನಾನು ತಿಂದೆ. ಅದರಲ್ಲಿ ಉಳ್ಳಾಗಡ್ಡಿ ಇರಲಿಲ್ಲ, ಉಪ್ಪೂ ಇರಲಿಲ್ಲ.

‘ಶುದ್ಧ’ದ ಇನ್ನೊಂದು ಅರ್ಥಚ್ಛಾಯೆ ಹೆದ್ದಾರಿಯ ವೆಜ್–ನಾನ್‌ವೆಜ್ ಧಾಬಾಗಳಲ್ಲಿ ತಿಳಿಯಿತು.

“ತವಾ ಬ್ಯಾರೆ ಬ್ಯಾರೆ ಅದಾವೇನ್ರಿ?”

“ಹೌದ್ರಿ, ಬ್ಯಾರೆ.”

“ಎಲ್ಲೈತಿ ಇನ್ನೊಂದು?”

“ಇದನ್ನ ತೊಳದ್ವಿ ಅಂದ್ರ ಇನ್ನೊಂದ ಆತಲ್ರೀ.”

ದ್ವೈತ–ಅದ್ವೈತಗಳ ಬಗ್ಗೆ ಇಷ್ಟು ಸಂಕ್ಷಿಪ್ತ ವ್ಯಾಖ್ಯಾನ ನಾನು ಮಠಗಳಲ್ಲೂ ಕೇಳಿಲ್ಲ.

ಅಥಣಿಗೆ ಬಂದರೆ ಖಾನಾವಳಿ. ಇದರ ಬಗ್ಗೆ ಸಂಶೋಧಕನ ನಿಷ್ಪಕ್ಷಪಾತ ಕೈಕೊಡುತ್ತದೆ, ಅದನ್ನು ಮೊದಲೇ ಒಪ್ಪಿಕೊಂಡುಬಿಡುವುದು ವಾಸಿ. ಖಾನಾವಳಿಗೆ ಮೆನು ಇಲ್ಲ, ಹಸಿರು ಚುಕ್ಕೆ ಇಲ್ಲ, ಎಷ್ಟೋ ಕಡೆ ಬೋರ್ಡಿನ ಬಣ್ಣವೂ ಉಳಿದಿಲ್ಲ. ಒಳಗಿನಿಂದ ರೊಟ್ಟಿ ಬಡಿಯುವ ಸಪ್ಪಳ ಕೇಳಿಸಿದರೆ ತೆರೆದಿದೆ ಎಂದರ್ಥ. ಬಿಸಿ ಜೋಳದ ರೊಟ್ಟಿ, ಬೇಕೆಂದರೆ ಕಟಿರೊಟ್ಟಿ, ಎಣ್ಣಿಗಾಯಿ, ಹೆಸರಕಾಳ ಪಲ್ಯ, ಶೇಂಗಾ ಹಿಂಡಿ, ಗುರೆಳ್ಳ ಹಿಂಡಿ, ಕೆಂಪು ಖಾರ, ಮೊಸರು, ಗುದ್ದಿ ಒಡೆದ ಹಸಿ ಉಳ್ಳಾಗಡ್ಡಿ. ಬಡಿಸುವ ಅವ್ವ “ಇನ್ನೊಂದು ಹಾಕಲೇನು” ಎಂದು ಕೇಳುವುದಿಲ್ಲ. ಹಾಕಿಬಿಟ್ಟು “ಉಣ್ರಿ” ಅನ್ನುತ್ತಾಳೆ. ಎರಡನೆಯ ಕಟ್ಟಿನ ಸೂತ್ರವೇ ಇಲ್ಲಿ ಸೋಲುತ್ತದೆ, ಏಕೆಂದರೆ ಎಷ್ಟನೆಯದೆಂದು ಎಣಿಸಲು ಆಕೆ ಬಿಡುವುದಿಲ್ಲ.

ಅದೇ ಊರಿನ ಹೊಸ ‘ಫ್ಯಾಮಿಲಿ ಗಾರ್ಡನ್’ಗಳ ಕಥೆ ಬೇರೆ. ಅಲ್ಲಿ ವೆಜ್ ಕೊಲ್ಹಾಪುರಿ, ವೆಜ್ ಹೈದರಾಬಾದಿ, ವೆಜ್ ಜೈಪುರಿ ಎಂಬ ಮೂರು ನಗರಗಳಿವೆ. ಮೂರನ್ನೂ ಒಂದೇ ರಾತ್ರಿ ತರಿಸಿ ಪರೀಕ್ಷಿಸಲಾಯಿತು. ಕೆಂಪಗಿದ್ದರೆ ಕೊಲ್ಹಾಪುರ, ಹಸಿರಿದ್ದರೆ ಹೈದರಾಬಾದ, ಮೇಲೆ ಹಪ್ಪಳ ಮುರಿದು ಹಾಕಿದ್ದರೆ ಜೈಪುರ. ಗ್ರೇವಿ ಮೂರಕ್ಕೂ ಒಂದೇ, ಬೀನ್ಸಿನ ತುಂಡುಗಳೂ ಪರಸ್ಪರ ಬಂಧುಗಳು. ಅಥಣಿಯವರಿಗೆ ಇದು ಹೊಸ ಅನುಭವವಲ್ಲ. ಇಲ್ಲಿಯ ಕುಶಲಕರ್ಮಿಗಳು ತಲೆಮಾರುಗಳಿಂದ ಚಪ್ಪಲಿ ಹೊಲಿದರು, ಅದು ಕೊಲ್ಹಾಪುರಿ ಎಂಬ ಹೆಸರಿನಲ್ಲಿ ಜಗತ್ತು ಸುತ್ತಿತು. 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಾಗ ಆಚೆಯ ನಾಲ್ಕು ಜಿಲ್ಲೆ, ಈಚೆಯ ನಾಲ್ಕು ಜಿಲ್ಲೆ ಜಂಟಿ ಹಕ್ಕುದಾರರಾದವು. ಚಪ್ಪಲಿಗೆ ಸಾಧ್ಯವಾದದ್ದು ಕಟ್ಟಿಗೆ ಏಕೆ ಆಗಬಾರದು? ವೆಜ್ ಕೊಲ್ಹಾಪುರಿಯನ್ನು ಮಾತ್ರ ಆಚೆಯವರೇ ಪೂರ್ತಿ ಇಟ್ಟುಕೊಳ್ಳಲಿ, ನಮ್ಮ ತಕರಾರಿಲ್ಲ.

ರಾಯಬಾಗದ ಬಗ್ಗೆ ಹೆಚ್ಚು ಹೇಳಲಾರೆ, ಬಸ್ ಹೊರಟಿತ್ತು. ಸ್ಟ್ಯಾಂಡಿನ ಹತ್ತಿರ ತಿಂದ ಮಿರ್ಚಿಭಜಿ ಒಳ್ಳೆಯದಿತ್ತು. ಚಿಂಚಲಿ ಮಾಯಕ್ಕನ ಜಾತ್ರೆಗೆ ಬರುವವರು ಎರಡೂ ರಾಜ್ಯಗಳಿಂದ ಚಕ್ಕಡಿಯಲ್ಲಿ ಬುತ್ತಿ ಕಟ್ಟಿಕೊಂಡೇ ಬರುತ್ತಾರೆ. ಹೋಟೆಲುಗಳ ಮೇಲೆ ಜನತೆ ಕೊಟ್ಟ ತೀರ್ಪು ಅದೇ ಎಂದು ಓದಬಹುದು. ದಾರಿಯಲ್ಲಿ ಕಬ್ಬಿನ ಹಾಲು ಕುಡಿದೆ. ಗಾಣಕ್ಕೆ ಗೆಜ್ಜೆ ಕಟ್ಟಿದ್ದರು. ಆಕಳಿಲ್ಲದೆ ಹಾಲು ಕರೆಯುವ ಈ ವಿದ್ಯೆಗೆ ಸಮ ಇನ್ನೊಂದು ನನಗೆ ಗೊತ್ತಿಲ್ಲ.

ಕೊನೆಯ ಠಾಣ್ಯ ಚಿಕ್ಕೋಡಿ, ಬಸ್ ಸ್ಟ್ಯಾಂಡಿನ ಆಸುಪಾಸು, ಮುಂಜಾನೆ ಏಳೂವರೆ. ಇಲ್ಲಿ ಮೆನು ಮೌಖಿಕ ಪರಂಪರೆಗೆ ಸೇರಿದ್ದು. ಮಾಣಿ ಉಸಿರು ಬಿಡದೆ ಪಾಠ ಒಪ್ಪಿಸಿದ: “ಇಡ್ಲಿ ವಡಾ ಇಡ್ಲಿವಡಾ ಉಪ್ಪಿಟ್ಟ ಶಿರಾ ಪೂರಿ ಪೋಹೆ ಮಿಸಳ ವಡಾಪಾವ್ ಕಾಂದಾಭಜಿ ಸಾದಾ ಮಸಾಲಿ ಸೆಟ್.” ಶಿರಾ ಕೇಳಿದೆ. “ಮುಗದೈತ್ರಿ.” ಪೂರಿ? “ಲೇಟ್ ಆಗತೈತ್ರಿ.” ಹಾಗಾದರೆ ಏನೈತಿ? “ಎಲ್ಲಾ ಐತ್ರಿ.” ಪಾಠಾಂತರಗಳನ್ನು ದಾಖಲಿಸಲು ನಾಲ್ಕು ದಿನ ಬೆನ್ನಿಗೆ ಹೋದೆ. ಮೂಲಪಾಠದಲ್ಲಿ ಪೂರಿ ಸದಾ ಇದೆ, ಭೂಲೋಕದಲ್ಲಿ ಒಮ್ಮೆಯೂ ಇರಲಿಲ್ಲ, ಅದು ಪ್ರಕ್ಷಿಪ್ತವಿರಬೇಕು.

ಇಲ್ಲಿಗೆ ಬರುವಷ್ಟರಲ್ಲಿ ನನ್ನ ನಕಾಶೆ ಬಹುತೇಕ ಸಿದ್ಧವಾಗಿತ್ತು. ಚಿಕ್ಕೋಡಿಯ ಪಶ್ಚಿಮಕ್ಕೆ ಕಟ್ಟಿನ ಪ್ರಾಂತ, ಪೂರ್ವಕ್ಕೆ ಸಾಂಬಾರದ ಪ್ರಾಂತ. ನಡುವೆ ಕೆಂಪು ಪೆನ್ನಿನ ಗೆರೆ. ಗೆರೆ ಎಳೆಯುತ್ತಿದ್ದಾಗ ಎದುರಿಗೆ ಒಬ್ಬ ಅಜ್ಜ ಬಂದು ಕೂತ. ಬಿಳಿ ಟೊಪಿಗಿ, ಧೋತರ, ಕಾಲಲ್ಲಿ ಮೇಲೆ ಹೇಳಿದ ಚಪ್ಪಲಿ. ಇಡ್ಲಿ ತರಿಸಿದ, ಮಾಣಿ ತಂದ ಸಾಂಬಾರ ಅತ್ತ ಸರಿಸಿದ, ಪಕ್ಕದ ಟೇಬಲ್ಲಿನ ಜಗ್ಗಿನಿಂದ ಇಡ್ಲಿಯ ಮೇಲೆ ಕಟ್ ಸುರಿದುಕೊಂಡ. ಸರಿಸಿಟ್ಟ ಸಾಂಬಾರದಲ್ಲಿ ಮೊಮ್ಮಗ ವಡಾಪಾವ್ ಅದ್ದಿಕೊಂಡು ತಿನ್ನತೊಡಗಿದ.

“ಅಜ್ಜಾರ, ಇಡ್ಲಿಗೆ ಕಟ್ ಹಾಕ್ಕೋತಾರೇನ್ರಿ?”

ಅಜ್ಜ ನನ್ನ ನಕಾಶೆ ನೋಡಿದ, ನನ್ನನ್ನೂ ನೋಡಿದ. “ಯಾಕ, ಹೊಟ್ಟ್ಯಾಗೂ ಟೋಲ್ ನಾಕಾ ಕುಂದರಸ್ತೀಯೇನ?”

ಅಜ್ಜನ ಸಾಕ್ಷ್ಯವನ್ನು ಅಪವಾದವೆಂದು ದಾಖಲಿಸಲಾಗಿದೆ. ಮರುದಿನ ಅಂಥವರೇ ಇನ್ನಾರು ಜನ ಸಿಕ್ಕರು, ಅವರೂ ಅಪವಾದಗಳೇ. ನಕಾಶೆಯ ಮೇಲೆ ಮೊಮ್ಮಗ ಸಾಂಬಾರ ಚೆಲ್ಲಿದ್ದರಿಂದ ಅದನ್ನು ವರದಿಗೆ ಲಗತ್ತಿಸಿಲ್ಲ.

ಉಳಿದದ್ದು ಒಂದು ದೂರು. ಈ ಐದು ತಾಲ್ಲೂಕುಗಳಲ್ಲೊಂದರ, ಹೆಸರು ಹೇಳಲಿಚ್ಛಿಸದ ಒಂದು ಹೋಟೆಲಿನಲ್ಲಿ, ಎರಡನೆಯ ಸಲ ಕಟ್ ಕೇಳಿದೆ. ಹುಡುಗ ಮಾಲಕನ ಮುಖ ನೋಡಿದ. ಮಾಲಕ ನನ್ನ ಮುಖ ನೋಡಿದ. ಅರ್ಧ ಬಟ್ಟಲು ಬಂತು, ಮೇಲೆ ಎಣ್ಣೆಯಿಲ್ಲ. ಬಿಲ್ಲಿನ ಕೊನೆಯಲ್ಲಿ ನೀಲಿ ಪೆನ್ನಿನಿಂದ ಕೈಯಲ್ಲೇ ಬರೆದಿದ್ದರು: ಎಕ್ಸ್‌ಟ್ರಾ 10. ಸಿಟ್ಟು ಹತ್ತು ರೂಪಾಯಿಯದಲ್ಲ. ಬ್ರೆಡ್ಡು ಎರಡು ಕೊಟ್ಟವರು ತಾವು ಎಂಬುದನ್ನು ಮರೆತರಲ್ಲ, ಅದರದು.

ಆದ್ದರಿಂದ ಸೀಮೆಯ ಸಮಸ್ತ ಹೋಟೆಲ್ ಮಾಲಕರಲ್ಲಿ ಆಯೋಗದ ಏಕೈಕ ಶಿಫಾರಸು: ಮಿಸಳದ ರೇಟು ಬೇಕಿದ್ದರೆ ಐದು ರೂಪಾಯಿ ಏರಿಸಿರಿ, ಆದರೆ ಜಗ್ಗು ಟೇಬಲ್ಲಿನ ಮೇಲೇ ಇಡಿರಿ.